ಎರಡು ಸಾಲಿನ ಪ್ರಾರ್ಥನೆ

ಪ್ರಾರ್ಥನೆ ಮಾಡುವುದು ಸುಲಭ. ಪ್ರಾರ್ಥನೆಗೆ ಕಾರ್ಯಕ್ರಮದ ಪಟ್ಟಿ ಮಾಡುವುದು ಬಹು ಕಷ್ಟ. ಇದು ನನ್ನ ಸ್ವಂತ ಅನುಭವ.

ಫೆಬ್ರವರಿಯ ಮೂರನೆಯ ಭಾನುವಾರ ವಿದ್ಯಾರ್ಥಿಗಳ ಪ್ರಾರ್ಥನಾ ದಿನ. 1895ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ವಿಶ್ವ ವಿದ್ಯಾರ್ಥಿ ಕ್ರೈಸ್ತ ಒಕ್ಕೂಟ ಪಾಲಿಸಿಕೊಂಡು ಬಂದ ದಿನ. 2023ರಲ್ಲಿ ಅದು 19ನೆಯ ತಾರೀಖಿಗೆ ಬಂದಿತ್ತು. ಚಿತ್ರದುರ್ಗದಲ್ಲಿ ಕೊಠಡಿ ಹಿಡಿದು ಓದುತ್ತಿದ್ದ ಏಳೆಂಟು ಹುಡುಗ ಹುಡುಗಿಯರಿಗೆ ಆ ಸಂಜೆಯ ಆರಾಧನೆಯನ್ನು ತಾವೇ ನಡೆಸಬೇಕೆಂಬ ಹುಮ್ಮಸ್ಸು. ನಿವೃತ್ತ ಮೇಷ್ಟರಿಗೆ ಬೇರೇನು ಕೆಲಸ ಎಂದು ನನ್ನ ಮನೆಯ ಜಗುಲಿಗೆ ಬಂದರು. ಕಾಫಿ ಆಯಿತು.

ನಾನು ಕೂಡಲೇ ಹಾಳೆ ತೆಗೆದು ಗೆರೆ ಎಳೆದೆ. ಕೀರ್ತನೆ ಎರಡು, ವೇದಪಾಠ ಒಂದು, ಪ್ರಸಂಗ ಹತ್ತು ನಿಮಿಷ (ಪ್ರಸಂಗಿ ಯಾರೆಂದು ಹೇಳಬೇಕಾಗಿಲ್ಲ), ವಿಜ್ಞಾಪನೆ, ಕಾಣಿಕೆ, ಆಶೀರ್ವಾದ. ಜೀವಮಾನವೆಲ್ಲ ಟೈಂಟೇಬಲ್ ಬರೆದ ಕೈ ದೇವರಿಗೂ ಒಂದು ಪೀರಿಯಡ್ ಹಂಚಿಬಿಟ್ಟಿತು.

ಮೊದಲ ಜಗಳ ಹಾಡಿನದು. ಗಿಟಾರು ಬೇಕು, ಇಂಗ್ಲಿಷ್ ಹಾಡು ಬೇಕು ಎಂದು ಒಂದು ಪಕ್ಷ. ಹೊಳಲ್ಕೆರೆಯ ಹುಡುಗ ಮೆಲ್ಲಗೆ, “ನಮ್ಮಜ್ಜಿ ಬರ್ತಾಳೆ ಸಾರ್. ಓದೋಕೆ ಬರಲ್ಲ. ಕೀರ್ತನೆ ಮಾತ್ರ ಎಲ್ಲಾ ಬಾಯಿಪಾಠ” ಎಂದ. ನನಗೆ ಅಷ್ಟೇ ಸಾಕಾಯಿತು. ನಿಘಂಟಿನ ಕಿಟ್ಟೆಲ್ ಸಾಹೇಬರು 1862ರಷ್ಟು ಹಿಂದೆಯೇ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದದ್ದನ್ನು ವಿಸ್ತಾರವಾಗಿ ಹೇಳಲಾರಂಭಿಸಿದೆ. ಮಕ್ಕಳು ಪಾಠ ನಿಲ್ಲಿಸಲಿಕ್ಕಾದರೂ ಸರಿ ಎಂದು ಒಪ್ಪಿದರು: ಹಾಡು ಕನ್ನಡದ್ದು, ಗಿಟಾರು ಅದರ ಹಿಂದೆ.

ನಿಜವಾದ ತೊಡಕು ಬಂದದ್ದು ವಿಜ್ಞಾಪನೆಯಲ್ಲಿ. ತಾಲ್ಲೂಕಿಗೊಬ್ಬರು ತಮ್ಮ ಊರಿನ ಪರವಾಗಿ ಒಂದೊಂದು ಸಾಲು ಬರೆಯಬೇಕೆಂದು ನಾನೇ ಹೇಳಿದ್ದೆ. ಹಿರಿಯೂರಿನ ಹುಡುಗಿ ಬರೆದು ಓದಿದಳು: ವಾಣಿವಿಲಾಸ ಸಾಗರ ತುಂಬಿಸಿದ್ದಕ್ಕಾಗಿ ಸ್ತೋತ್ರ. ಬರೆಯದೆ ಏನು ಮಾಡಿಯಾಳು? 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯ ಆ ಕಟ್ಟೆ 1933ರಲ್ಲೊಮ್ಮೆ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 89 ವರ್ಷಗಳ ಮೇಲೆ, 2022ರ ಸೆಪ್ಟೆಂಬರಿನಲ್ಲಿ. ಜನ ಜಾತ್ರೆಗೆ ಹೋದಂತೆ ನೋಡಲು ಹೋಗಿದ್ದರು. “ನಮ್ಮ ತಾತ ಕೂಡ ಕೋಡಿ ಕಂಡಿರಲಿಲ್ಲ ಸಾರ್” ಎಂದಳು.

ಹೊಸದುರ್ಗದ ಹುಡುಗ ತಲೆ ಎತ್ತಲಿಲ್ಲ. ಕಟ್ಟೆ ಇರುವುದು ಹಿರಿಯೂರು ತಾಲ್ಲೂಕಿನಲ್ಲಿ. ವೇದಾವತಿ ಬರುವುದು ಹೊಸದುರ್ಗದ ಕಡೆಯಿಂದ. ನೀರು 130 ಅಡಿ ಮುಟ್ಟಿದರೆ ಹಿಂದಕ್ಕೆ ನಿಲ್ಲುವುದು ಆ ಕಡೆಯ ಹೊಲ ತೋಟಗಳ ಮೇಲೆ.

“ನಮ್ಮ ತೆಂಗಿನ ತೋಟ ಇನ್ನೂ ನೀರಾಗೈತೆ ಸಾರ್. ಇದಕ್ಕೆ ನಾನು ಆಮೆನ್ ಅನ್ನಬೇಕಾ?”

ಜಗುಲಿ ಸ್ತಬ್ಧವಾಯಿತು. ನಾನು ಪೆನ್ನು ತೆಗೆದು ಹುಡುಗಿಯ ಸಾಲನ್ನು ಹೊಡೆದು, ‘ಪ್ರಕೃತಿಯ ಸಕಲ ವರಗಳಿಗಾಗಿ’ ಎಂದು ತಿದ್ದಿದೆ. ಯಾರಿಗೂ ನೋವಾಗದ ಮಾತು. ಇಂಥ ಮಾತು ನನ್ನ ಬಳಿ ಬೇಕಾದಷ್ಟು ದಾಸ್ತಾನಿದೆ.

“ಅದು ಯಾರ ಪ್ರಾರ್ಥನೆ ಸಾರ್?” ಎಂದಳು ಹುಡುಗಿ. ಸಿಟ್ಟಿನಿಂದಲ್ಲ, ಉತ್ತರಕ್ಕೂ ಕಾಯಲಿಲ್ಲ. ಅವನತ್ತ ತಿರುಗಿ, “ಎಷ್ಟು ಮರ ಹೋದ್ವು?” ಎಂದು ಕೇಳಿದಳು. ಅವನು ಹೇಳಿದ. ಯಾವ ಮರ ಅಪ್ಪ ನೆಟ್ಟದ್ದು, ಯಾವುದು ಅಜ್ಜ ನೆಟ್ಟದ್ದು ಎಂದು ಹೇಳಿದ. ಹೊಳಲ್ಕೆರೆಯವನು ಟ್ಯಾಂಕರಿನ ನೀರು ಕೊಂಡು ಅಡಿಕೆ ಉಳಿಸಿಕೊಂಡ ವರ್ಷಗಳನ್ನು ಹೇಳಿದ. ನಾನು ಏನು ಹೇಳಲಿ? ಚಿತ್ರದುರ್ಗದ ನಲ್ಲಿಗಳಿಗೆ ಬರುವುದೂ ಆ ಸಾಗರದ ನೀರೇ. ಅವನ ತೋಟದ ಮೇಲೆ ನಿಂತ ನೀರಿನಲ್ಲಿ ಕಾಸಿದ ಕಾಫಿಯನ್ನು ಅವನಿಗೇ ಕೊಟ್ಟಿದ್ದೆ.

ಕೊನೆಗೆ ಹುಡುಗಿ ಎರಡು ಸಾಲು ಬರೆದಳು. ತುಂಬಿದ ನೀರಿಗಾಗಿ ಸ್ತೋತ್ರ; ಅದೇ ನೀರಿನಲ್ಲಿ ಮುಳುಗಿದ ತೋಟಗಳಿಗಾಗಿ, ಅವರಿಗೆ ಸಲ್ಲಬೇಕಾದದ್ದು ಸಲ್ಲಲಿ ಎಂಬ ಮೊರೆ.

“ಮೊದಲ್ನೇದಕ್ಕೆ ನಾನು ಆಮೆನ್ ಅನ್ನಲ್ಲ” ಎಂದ ಹುಡುಗ.

“ಬೇಡ. ಎರಡ್ನೇದಕ್ಕೆ ನಾನು ಅಂತೀನಿ” ಎಂದಳು.

ನಗುವವರ ಜೊತೆ ನಗಬೇಕು, ಅಳುವವರ ಜೊತೆ ಅಳಬೇಕು ಎಂದು ಪೌಲನು ರೋಮಾಪುರದವರಿಗೆ ಬರೆದಿದ್ದಾನೆ. ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತಿದ್ದರೆ ಯಾವುದು ಮೊದಲು ಎಂದು ನಾನು ಅದುವರೆಗೆ ಯೋಚಿಸಿರಲಿಲ್ಲ. ಆ ಅಧ್ಯಾಯವನ್ನೇ ವೇದಪಾಠಕ್ಕಿಟ್ಟುಕೊಂಡೆವು. ಪ್ರಸಂಗದ ಹತ್ತು ನಿಮಿಷವನ್ನು ನಾನೇ ಹೊಡೆದುಹಾಕಿದೆ; ಎರಡು ಸಾಲುಗಳ ನಡುವೆ ಸುಮ್ಮನಿರಲು ಅದರಲ್ಲಿ ಎರಡು ನಿಮಿಷ ಕೊಟ್ಟೆವು.

ಭಾನುವಾರ ಸಂಜೆ ಹುಡುಗಿ ಎರಡೂ ಸಾಲು ಓದಿದಳು. ಹೊಳಲ್ಕೆರೆಯ ಅಜ್ಜಿ ಎರಡಕ್ಕೂ ಗಟ್ಟಿಯಾಗಿ ಆಮೆನ್ ಅಂದರು. ಹುಡುಗ ಏನು ಅಂದನೋ ತಿಳಿಯದು. ನಾನು ಕಣ್ಣು ಮುಚ್ಚಿದ್ದೆ. ತೆರೆದು ನೋಡುವ ಧೈರ್ಯವಾಗಲಿಲ್ಲ.