ಮೇಸ್ತ್ರಿಯ ಬಾಕಿ

ನರಿಕೊಂಬಿನಲ್ಲಿ ಹುಟ್ಟಿ ಬೆಳೆದವರಿಗೆ ನೀರಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಒಂದು ಬದಿಗೆ ನೇತ್ರಾವತಿ, ಮೇಲಿನಿಂದ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ. 1974ರ ನೆರೆಯಲ್ಲಿ ಬಂಟ್ವಾಳ ಪೇಟೆಗೆ ಹೊಳೆ ನುಗ್ಗಿದ ಕಥೆಯನ್ನು ಹಿರಿಯರ ಬಾಯಿಂದ ಕೇಳುತ್ತಲೇ ನಾವು ದೊಡ್ಡವರಾದೆವು. ಹೊರಗಿನ ನೀರಿನ ಬಗ್ಗೆ ನಮಗೆ ಭಯವಿತ್ತು, ಮರ್ಯಾದೆಯೂ ಇತ್ತು. ಆದರೆ ಮನೆಯೊಳಗೆ ನಾವೇ ಚೆಲ್ಲುವ ನೀರಿನ ಬಗ್ಗೆ ಎಂದೂ ಯೋಚಿಸಿದವರಲ್ಲ. ಆ ಅಸಡ್ಡೆಯಿಂದ ಮನೆಯ ಗೋಡೆ ಹಾಳಾಯಿತು. ಗೋಡೆಯನ್ನು ಸರಿಪಡಿಸಬಹುದು. ಆದರೆ ಅದರ ಜೊತೆಗೆ ಒಬ್ಬ ಕೆಲಸಗಾರನ ಹೆಸರೂ ಹಾಳಾಯಿತು. ಆ ಕಾರಣಕ್ಕಾಗಿಯೇ ಇದನ್ನು ಬರೆಯಬೇಕಾಗಿದೆ.

ನಮ್ಮ ಹಳೆಯ ಮನೆ ಮುರಕಲ್ಲಿನದು, ಮಂಗಳೂರು ಹಂಚಿನ ಮಾಡು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿಮಣ್ಣು ಹಂಚಾಗಿ ಊರೂರಿನ ಮಾಡನ್ನೇರಿತು. ಆ ಮಾಡು ಚೆಂದದ್ದು ಹೌದು, ಆದರೆ ಪ್ರತಿವರ್ಷ ಸೇವೆ ಕೇಳುತ್ತಿತ್ತು. ಹಿಜರಿ ತಿಂಗಳುಗಳನ್ನು ಬೆರಳಲ್ಲೇ ಎಣಿಸುತ್ತಿದ್ದ ನಮ್ಮ ದಾದಿ ಈ ಒಂದು ವಿಷಯಕ್ಕೆ ಮಾತ್ರ ತುಳುವರ ಲೆಕ್ಕವನ್ನೇ ಹಿಡಿಯುತ್ತಿದ್ದರು. "ಪತ್ತನಾಜೆ ಬಂತು, ಇನ್ನೂ ಹಂಚಿಗೆ ಕೈಯಾಡಿಸಲಿಲ್ಲವಾ?" ಎಂದು ಗದರಿಸುತ್ತಿದ್ದರು. ಮೇ ತಿಂಗಳ ಕೊನೆಯ ಆ ದಿನಗಳಲ್ಲಿ ಯಾರಾದರೂ ಮೇಲೆ ಹತ್ತಿ ಒಡೆದ ಹಂಚು ಬದಲಿಸಿ, ಸಂದಿನಲ್ಲಿ ಕೂತ ಮಾವಿನೆಲೆ ಗುಡಿಸಿ ಇಳಿಯಲೇಬೇಕಿತ್ತು. ಬಚ್ಚಲು ಮನೆಯಿಂದ ಹೊರಗಿತ್ತು, ಅದರ ನೀರು ತೆಂಗಿನ ಬುಡಕ್ಕೆ. ಅಡುಗೆಮನೆಯ ನೀರು ಬಸಳೆಯ ಚಪ್ಪರದ ಬುಡಕ್ಕೆ. ಗೋಡೆಗೆ ನೀರು ತಾಗುವ ಪ್ರಸಂಗವೇ ಇರಲಿಲ್ಲ.

2014ರಲ್ಲಿ ನಾವು ಟೆರೇಸಿನ ಮನೆ ಕಟ್ಟಿಸಿದೆವು. ಇನ್ನು ಹಂಚು ಬದಲಿಸುವ ರಗಳೆಯಿಲ್ಲ ಎಂದು ಎಲ್ಲರಿಗೂ ಸಂತೋಷ. ಬಚ್ಚಲು ಮನೆಯೊಳಗೆ ಬಂತು, ಅಡುಗೆಮನೆಗೆ ಸಿಂಕ್ ಬಂತು. ಮೂರನೆಯ ಮಳೆಗಾಲದಲ್ಲಿ ಅಮ್ಮಿ ಮಲಗುವ ಕೋಣೆಯ ಗೋಡೆಯಲ್ಲಿ ಒಂದು ಕಂದು ಕಲೆ ಕಾಣಿಸಿಕೊಂಡಿತು. ಮರುವರ್ಷ ಅದು ಕಪಾಟಿನವರೆಗೆ ಹರಡಿತು. ಕಪಾಟಿನ ಕೆಳಗಿನ ತಟ್ಟೆಯಲ್ಲಿದ್ದ ಅಬ್ಬನ ಹಳೆಯ ಉರ್ದು ಪುಸ್ತಕಗಳು ಒಂದಕ್ಕೊಂದು ಅಂಟಿಕೊಂಡು ಬೂಷ್ಟು ಹಿಡಿದವು. ಉಬ್ಬಸವಿರುವ ಅಮ್ಮಿಗೆ ಆ ಕೋಣೆಯಲ್ಲಿ ರಾತ್ರಿ ಕಳೆಯುವುದೇ ಕಷ್ಟವಾಯಿತು.

ತಪ್ಪು ಯಾರದು? ಕಥೆ ಹೆಣೆದು ರೂಢಿಯಿದ್ದ ನಮಗೆ ಒಬ್ಬ ಖಳನಾಯಕ ಬೇಕಿದ್ದ, ಮೇಸ್ತ್ರಿ ಸಿಕ್ಕಿದರು. ಸಿಮೆಂಟು ಕದ್ದಿದ್ದಾರೆ, ಇಳಿಜಾರು ಸರಿ ಕೊಟ್ಟಿಲ್ಲ ಎಂದೆವು. ಆವರಣ ಗೋಡೆಯ ಕೆಲಸದ್ದು ಹದಿನೈದು ಸಾವಿರ ರೂಪಾಯಿ ಅವರಿಗೆ ಕೊಡಲು ಉಳಿದಿತ್ತು. "ಮೊದಲು ಸೋರುವುದು ನಿಲ್ಲಲಿ" ಎಂದು ಅದನ್ನು ತಡೆಹಿಡಿದೆವು. ಅವರು ಎರಡು ಸಲ ಬಂದು ಜಗಲಿಯಲ್ಲಿ ಕುಳಿತು ಹೋದರು. ಮೂರನೆಯ ಸಲ ಬರಲಿಲ್ಲ. ಅಷ್ಟಕ್ಕೇ ನಿಲ್ಲಿಸಿದೆವೇ? ಅಂಗಡಿಯಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ, ಮಸೀದಿಯ ಅಂಗಳದಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿದೆವು. ಮನೆ ಕಟ್ಟಿಸಲು ಹೊರಟಿದ್ದ ಇಬ್ಬರು ಆ ಮೇಸ್ತ್ರಿಯನ್ನು ಬಿಟ್ಟು ಬೇರೆಯವರನ್ನು ಕರೆದದ್ದು ನಮಗೆ ಗೊತ್ತಿದೆ.

2019ರ ಬೇಸಿಗೆಯಲ್ಲಿ ಸಿಂಕ್ ಕಟ್ಟಿಕೊಂಡಿತೆಂದು ಪೇಟೆಯಿಂದ ಒಬ್ಬ ವಯಸ್ಸಾದ ಪ್ಲಂಬರನ್ನು ಕರೆಸಿದೆವು. ಪೈಪು ಬಿಚ್ಚಿದಾಗ ಒಳಗೆ ಮೇಣದಂತೆ ಬಿಳಿಯ ಗಟ್ಟಿ ಪದರ. "ಇದು ಬಕ್ರೀದಿನ ಕೊಬ್ಬು ಸಾಯ್ಬ್ರೇ, ಎಷ್ಟು ವರ್ಷದ್ದೋ" ಎಂದು ಅವರು ನಕ್ಕರು. ನಾವು ಬಿಸಿನೀರು ಹೊಯ್ದರೆ ಕರಗುತ್ತದೆ ಎಂದು ನಂಬಿದ್ದೆವು. ಕರಗಿದ ಕೊಬ್ಬು ಸ್ವಲ್ಪ ಮುಂದೆ ಹೋಗಿ ತಣಿದು ಅಲ್ಲಿಯೇ ಹಿಡಿಯುತ್ತದೆ, ಅದಕ್ಕೆ ಅನ್ನದ ಅಗುಳು, ಗಂಜಿಯ ತಿಳಿ ಅಂಟುತ್ತದೆ ಎಂದು ಅವರು ತೋರಿಸಿಕೊಟ್ಟರು.

ಹೋಗುವ ಮುನ್ನ ಅಮ್ಮಿಯ ಕೋಣೆಯ ಗೋಡೆ ಮುಟ್ಟಿ ನೋಡಿದರು. ಒದ್ದೆಯಿತ್ತು. ಮೇಸ್ತ್ರಿಯ ಮೇಲಿನ ನಮ್ಮ ದೂರನ್ನು ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಎಪ್ರಿಲಿನಲ್ಲಿ ಗೋಡೆ ಒದ್ದೆ ಇದ್ದರೆ ಮಳೆಗೂ ಟೆರೇಸಿಗೂ ಯಾಕೆ ಬೈಯುವುದು ಮಾರಾಯ್ರೇ?"

ಮೂರು ವರ್ಷ ನಮಗೆ ಹೊಳೆಯದ ಮಾತು ಅದು. ಗೋಡೆಯ ಆಚೆ ಬದಿ ಬಚ್ಚಲು. ಅವರು ಬಟ್ಟೆಗೆ ಹಾಕುವ ನೀಲಿಯನ್ನು ನೀರಿಗೆ ಬೆರೆಸಿ, ನಹಾನಿ ಟ್ರ್ಯಾಪಿನ ಬಾಯಿಗೆ ಬಟ್ಟೆ ತುರುಕಿ, ನೆಲದ ಮೇಲೆ ನಿಲ್ಲಿಸಿದರು. (ಬಚ್ಚಲಿನ ನೀರು ಹೋಗುವ ಈ ತೂತಿನ ಹೆಸರು ನಮ್ಮ ಉರ್ದುವಿನ 'ನಹಾನಾ'ದ ನೆಂಟ ಎಂದು ಅಂದೇ ಹೊಳೆದದ್ದು.) ಮರುದಿನ ಗೋಡೆಯ ಬುಡದಲ್ಲಿ ತಿಳಿನೀಲಿ ಗೆರೆ ಮೂಡಿತ್ತು. ಕಾರಣ? ನಮ್ಮ ಶುಚಿತ್ವ! ಪ್ರತಿ ಗುರುವಾರ ಸಂಜೆ, ಶುಕ್ರವಾರದ ಸ್ನಾನಕ್ಕೆ ಬಚ್ಚಲು ಹೊಳೆಯಬೇಕೆಂದು ಆಸಿಡ್ ಸುರಿದು ಉಜ್ಜುತ್ತಿದ್ದೆವು. ಆಸಿಡ್ ಕಲೆಯನ್ನು ಮಾತ್ರವಲ್ಲ, ಟೈಲ್ಸಿನ ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ಆ ಕೂದಲೆಳೆಯಷ್ಟು ಸಂದಿಯಲ್ಲಿ ಸ್ನಾನದ ನೀರು, ವುಝೂವಿನ ನೀರು ದಿನಾಲೂ ಗೋಡೆಯೊಳಗೆ ಇಳಿಯುತ್ತಿತ್ತು. ನಲ್ಲಿಯ ವಾಶರ್ ಸವೆದು ರಾತ್ರಿಯಿಡೀ ತೊಟ್ಟಿಕ್ಕುವುದು ಬೇರೆ. ಕೆಳಗೆ ಬಕೆಟ್ ಇಟ್ಟು ನೋಡಿದೆವು: ಇಶಾದಿಂದ ಫಜ್ರ್‌ವರೆಗೆ ಅರ್ಧ ಬಕೆಟ್.

ಟೆರೇಸಿಗೂ ಹತ್ತಿದೆವು. ಚಳಿಗಾಲದಲ್ಲಿ ಒಣಹಾಕುವ ಅಡಿಕೆಯ ಸಿಪ್ಪೆ, ಮಾವಿನೆಲೆ ಸೇರಿ ನೀರು ಇಳಿಯುವ ಪೈಪಿನ ಬಾಯಿ ಮುಚ್ಚಿತ್ತು. ತಂಗಿಯ ನಿಕಾಹ್‌ನ ಚಪ್ಪರಕ್ಕೆ ಕೊರೆದ ನಾಲ್ಕು ತೂತುಗಳು ಹಾಗೆಯೇ ಇದ್ದವು. ಪಂಪು ಹಾಕಿ ಮಾತಿಗೆ ಕುಳಿತು ಮರೆಯುವ ನಮ್ಮ ಚಾಳಿಯಿಂದ ಟ್ಯಾಂಕ್ ತುಂಬಿ ಹರಿದ ಕಡೆ ಬೇಸಿಗೆಯಲ್ಲೂ ಪಾಚಿ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರ ಅಡಿಯ ಟೆರೇಸಿನ ಮೇಲೆ ನಮ್ಮೂರ ಒಂದು ವರ್ಷದ ಮಳೆಯೆಂದರೆ ಮೂರು ಲಕ್ಷ ಲೀಟರಿಗೂ ಹೆಚ್ಚು. ಅಷ್ಟು ನೀರಿಗೆ ಇದ್ದ ದಾರಿಯನ್ನು ನಾವು ಸಿಪ್ಪೆಯಿಂದ ಮುಚ್ಚಿದ್ದೆವು.

ಕಸ ತೆಗೆದು ಪ್ಲಂಬರ್ ಮೂಲೆಯಲ್ಲಿ ಒಂದು ಚೊಂಬು ನೀರು ಚೆಲ್ಲಿದರು. ಅದು ಎಲ್ಲಿಯೂ ನಿಲ್ಲದೆ ನೇರವಾಗಿ ಪೈಪಿನ ಬಾಯಿಗೆ ಹೋಗಿ ಇಳಿಯಿತು. "ಇಳಿಜಾರು ಕೊಟ್ಟವ ಕೆಲಸ ಗೊತ್ತಿದ್ದವನೇ" ಎಂದರು. ನಮಗೆ ತಲೆಯೆತ್ತಲಾಗಲಿಲ್ಲ.

ದುರಸ್ತಿಗೆ ತಗುಲಿದ ಖರ್ಚು ಒಂಬತ್ತು ಸಾವಿರ. ನಾವು ತಡೆಹಿಡಿದದ್ದು ಹದಿನೈದು ಸಾವಿರ. ದುಡಿದವನ ಬೆವರು ಆರುವ ಮೊದಲು ಕೂಲಿ ಕೊಡಿ ಎಂಬ ಪ್ರವಾದಿವಚನವನ್ನು ಭಾಷಣಗಳಲ್ಲಿ ಎಷ್ಟು ಸಲ ಹೇಳಿಲ್ಲ ನಾವು! ಹರಿಯುವ ಹೊಳೆಯ ದಡದಲ್ಲಿ ವುಝೂ ಮಾಡುವಾಗಲೂ ನೀರು ಪೋಲು ಮಾಡಬೇಡಿ ಎಂಬುದನ್ನೂ ಕೇಳಿದ್ದೇವೆ. ನೇತ್ರಾವತಿಯ ಪಕ್ಕದಲ್ಲೇ ಇದ್ದು, ಎರಡೂ ಕೈ ಜೋಡಿಸಿದ ಒಂದು ಬೊಗಸೆಯಷ್ಟು ನೀರಿನಲ್ಲಿ ಪ್ರವಾದಿಯವರು ವುಝೂ ಮುಗಿಸುತ್ತಿದ್ದರೆಂದು ಮಕ್ಕಳಿಗೆ ಕಲಿಸಿ, ನಲ್ಲಿಯನ್ನು ಪೂರ್ತಿ ತಿರುಗಿಸಿ ಬಿಟ್ಟವರು ನಾವು.

ಹಣ ಹಿಡಿದುಕೊಂಡು ಮೇಸ್ತ್ರಿಯ ಮನೆಗೆ ಹೋದೆವು. ಮಂಡಿನೋವಿನಿಂದ ಅವರು ಕೆಲಸ ಕಡಿಮೆ ಮಾಡಿದ್ದರು. ನಮ್ಮ ತಪ್ಪನ್ನು ಹೇಳಿಕೊಂಡಾಗ ಅವರು ಏನೂ ಅನ್ನಲಿಲ್ಲ. ಹಣವನ್ನು ಎಣಿಸಿ ಒಳಗಿಟ್ಟು ಬಂದು, "ಅಮ್ಮನ ಕೋಣೆಯ ಗೋಡೆ ಒಣಗಿತಾ ಸಾಯ್ಬ್ರೇ?" ಎಂದು ಕೇಳಿದರು. "ಈಗಲೇ ಬಣ್ಣ ಬಳಿಯಬೇಡಿ. ಒಳಗಿನ ತೇವ ಹೋಗಲು ಒಂದು ಬೇಸಿಗೆ ಬಿಡಿ. ಇಲ್ಲದಿದ್ದರೆ ಬಣ್ಣ ಪುನಃ ಏಳುತ್ತದೆ."

ಅಂಗಡಿಯಲ್ಲಿ, ಪಂಕ್ತಿಯಲ್ಲಿ, ಮಸೀದಿಯ ಅಂಗಳದಲ್ಲಿ ಹಿಂದೆ ದೂರಿದವರಿಗೆಲ್ಲ ಹುಡುಕಿ ಹುಡುಕಿ ಸತ್ಯ ಹೇಳಿದೆವು. ಕೆಲವರು ಕೇಳಿಕೊಂಡರು. ಕೆಲವರಿಗೆ ಮೊದಲಿನ ಕಥೆಯೇ ರುಚಿಸಿತ್ತು. ಕೈತಪ್ಪಿದ ಆ ಎರಡು ಮನೆಗಳ ಕೆಲಸವನ್ನು ಮಾತ್ರ ನಾವು ಮೇಸ್ತ್ರಿಗೆ ಹಿಂದಿರುಗಿಸಲಾರೆವು.

ಈಗ ನಮ್ಮ ಮನೆಯಲ್ಲಿ ಆಸಿಡ್ ಇಲ್ಲ, ಸೋಪಿನ ಪುಡಿ ಮತ್ತು ಮೆತ್ತನೆಯ ಬ್ರಷ್ ಇದೆ. ಕೊಬ್ಬಿನ ಪಾತ್ರೆಯನ್ನು ಕಾಗದದಿಂದ ಒರೆಸಿಯೇ ಸಿಂಕಿಗೆ ಹಾಕುತ್ತೇವೆ. ಪೈಪಿನ ಬಾಯಿಗೆ ಜಾಲರಿಯಿದೆ. ಪಂಪು ಹಾಕಿದವರು ಅದನ್ನು ಆರಿಸದೆ ಊಟಕ್ಕೆ ಕೂರುವಂತಿಲ್ಲ. ಪತ್ತನಾಜೆ ಬಂತೆಂದರೆ ಮಕ್ಕಳ ಸಮೇತ ಟೆರೇಸಿಗೆ ಹತ್ತುತ್ತೇವೆ. ಕೆಳಗೆ ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತ ಅಮ್ಮಿ ದಾದಿಯ ಧ್ವನಿಯಲ್ಲೇ ಕೂಗುತ್ತಾರೆ: "ಆ ಮೂಲೆ ಗುಡಿಸಿದಿರಾ?"