ಲಾರಿ ಕಲಿಯಲು ಹೊರಟದ್ದು

ಬಿ.ಎ. ಅಂತಿಮ ವರ್ಷದ ಹುಡುಗನನ್ನು ‘ಮುಂದೇನು?’ ಎಂದು ಕೇಳದವರಿಲ್ಲ. ‘ಬಿ.ಎಡ್.’ ಎಂದರೆ ಕೇಳಿದವರು ತಲೆದೂಗುತ್ತಾರೆ, ‘ಕೆ.ಎ.ಎಸ್.’ ಎಂದರೆ ಒಳಗೊಳಗೇ ನಕ್ಕರೂ ಹೊರಗೆ ಬೆನ್ನು ತಟ್ಟುತ್ತಾರೆ. ‘ಇನ್ನೂ ಗೊತ್ತಿಲ್ಲ’ ಎಂದರೂ ನಡೆದೀತು. ‘ಲಾರಿ ಓಡಿಸುತ್ತೇನೆ’ ಎಂದರೆ ಮಾತ್ರ ಅವರ ಮುಖ ನೋಡುವಂತಿರುವುದಿಲ್ಲ. ಇತಿಹಾಸದ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು, “ಮನೆಯಲ್ಲಿ ಏನಾದರೂ ತೊಂದರೆಯೇನಪ್ಪ?” ಎಂದು ಬಹಳ ಮೆಲ್ಲಗೆ ಕೇಳಿದರು.

ತೊಂದರೆ ಇದ್ದದ್ದು ನಿಜವೇ. ನಮ್ಮ ತಂದೆ ಇಪ್ಪತ್ತೆಂಟು ವರ್ಷ ಲಾರಿ ಓಡಿಸಿದವರು. ಚಳ್ಳಕೆರೆಯ ಶೇಂಗಾ, ಚಿತ್ರದುರ್ಗದ ಸೀಮೆಯ ಈರುಳ್ಳಿ, ಭೀಮಸಮುದ್ರದ ಅಡಕೆ—ಇವೆಲ್ಲ ಅವರ ಬೆನ್ನ ಹಿಂದೆ ಕುಳಿತು ಊರೂರು ನೋಡಿವೆ. ನಾಲ್ಕು ವರ್ಷದ ಹಿಂದೆ ಸಾಲ ಮಾಡಿ ಆರು ಚಕ್ರದ ಹಳೆಯ ಲಾರಿಯೊಂದನ್ನು ಸ್ವಂತಕ್ಕೆ ಕೊಂಡರು. ಕಳೆದ ವರ್ಷ ಲೈಸೆನ್ಸಿನ ನವೀಕರಣಕ್ಕೆ ವೈದ್ಯರ ಪತ್ರ ತರಲು ಹೋದಾಗ, ಸಕ್ಕರೆ ಕಾಯಿಲೆಯು ಅವರ ಕಣ್ಣಿನ ಪರದೆಯನ್ನು ಕೆಡಿಸಿರುವುದು ತಿಳಿಯಿತು. ಡಾಕ್ಟರು ಸಹಿ ಹಾಕಲಿಲ್ಲ. ಕಂತುಗಳು ಇನ್ನೂ ಹದಿನಾಲ್ಕು ಬಾಕಿ ಇದ್ದವು. ಸಂಬಳದ ಡ್ರೈವರನ್ನು ಇಟ್ಟರೆ ಅವನ ಸಂಬಳ, ಭತ್ಯೆ, ಡೀಸೆಲ್ಲು ಕಳೆದು ಉಳಿಯುವುದು ಕಂತಿಗೆ ಸಾಲದು.

ಹಾಗೆಂದು ನಾನೇನೋ ತ್ಯಾಗ ಮಾಡಿದೆನೆಂದು ಓದುಗರು ಭಾವಿಸಬಾರದು. ಲಾರಿಯೆಂದರೆ ನನಗೆ ಚಿಕ್ಕಂದಿನಿಂದಲೂ ಆಸೆ. ಪರೀಕ್ಷೆಗೆ ಓದುತ್ತಿರುವಾಗಲೂ ಹೆದ್ದಾರಿಯಲ್ಲಿ ಗೇರು ಬದಲಾಯಿಸುವ ಸದ್ದು ಕೇಳಿದರೆ ಕಿವಿ ಅತ್ತ ಹೋಗುತ್ತಿತ್ತು.

ಆಸೆಯಿದ್ದರೆ ಸಾಲದು, ಕಾಯಿದೆಯೂ ಒಪ್ಪಬೇಕಷ್ಟೆ. 1988ರ ಮೋಟಾರು ವಾಹನ ಕಾಯಿದೆಯಂತೆ ಸಾರಿಗೆ ವಾಹನವನ್ನು ಓಡಿಸುವವನಿಗೆ 20 ವರ್ಷ ತುಂಬಿರಬೇಕು; ಹಗುರ ವಾಹನದ ಲೈಸೆನ್ಸು ಪಡೆದು 1 ವರ್ಷವಾದರೂ ಕಳೆದಿರಬೇಕು. ಸೋದರಮಾವನ ಟೆಂಪೋದ ದೆಸೆಯಿಂದ ನನಗೆ ಎರಡೂ ಅನುಕೂಲವಾಗಿದ್ದವು. ಡ್ರೈವರನು 8ನೆಯ ತರಗತಿ ಪಾಸಾಗಿರಬೇಕೆಂಬ ನಿಯಮವೊಂದು ಹಿಂದೆ ಇತ್ತು. ಅದನ್ನು 2019ರಲ್ಲಿ ತೆಗೆದುಹಾಕಿದರು. ಆದಕಾರಣ ನನ್ನ ಬಿ.ಎ. ಇಲ್ಲಿ ಮೂರು ಕಾಸಿನ ಪ್ರಯೋಜನಕ್ಕೂ ಬಾರದು! ಬೇಕಾದದ್ದು ತರಬೇತಿ ಶಾಲೆಯವರು ಕೊಡುವ ಐದನೆಯ ನಮೂನೆಯ ಪತ್ರ.

“ಲಾರಿ ಕಲಿಯೋಕೆ ಸ್ಕೂಲಾ?” ಎಂದು ನಮ್ಮ ತಂದೆ ನಕ್ಕರು. ಅವರು ಕಲಿತದ್ದು ಕ್ಲೀನರಾಗಿ. ಮೂರು ವರ್ಷ ಗಾಜು ಒರೆಸಿ, ಟಾರ್ಪಾಲು ಬಿಗಿದು, ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆ ಅವರ ಗುರು ಒಂದು ರಾತ್ರಿ ಖಾಲಿ ರಸ್ತೆಯಲ್ಲಿ ಸ್ಟೇರಿಂಗು ಕೊಟ್ಟನಂತೆ. ಶಿರಾಡಿ ಘಾಟಿ ಇಳಿಯುವುದನ್ನು ಕಲಿಸಿದವನೂ ಅವನೇ. ಹತ್ತಲು ಯಾವ ಗೇರು ಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಬ್ರೇಕನ್ನೇ ನಂಬಿ ಮೆಟ್ಟುತ್ತ ಹೋದರೆ ಡ್ರಮ್ಮು ಕಾದು, ಕೊನೆಗೆ ಎಷ್ಟು ಮೆಟ್ಟಿದರೂ ಗಾಡಿ ನಿಲ್ಲುವುದಿಲ್ಲ. “ಇದನ್ನ ಯಾವ ಸ್ಕೂಲಲ್ಲಿ ಹೇಳ್ಕೊಡ್ತಾರೋ ಕೇಳ್ಕೊಂಡು ಬಾ” ಎಂದರು.

ಕೇಳಿಕೊಂಡು ಬರಲು ಹೊರಟೆ.

ಮೊದಲನೆಯ ಶಾಲೆ ಒಂದು ಅಂಗಡಿಯ ಮಹಡಿಯ ಮೇಲಿತ್ತು. ಗೋಡೆಯ ತುಂಬ ರಸ್ತೆಯ ಚಿಹ್ನೆಗಳು, ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ದೇವರು. ಲಾರಿ ಮಾತ್ರ ಎಲ್ಲಿಯೂ ಕಾಣಲಿಲ್ಲ. “ನೀವು ದಿನಾ ಬರೋದೇ ಬೇಡ ಸಾರ್, ಟೆಸ್ಟಿನ ದಿನ ಬಂದ್ರೆ ಸಾಕು, ಉಳಿದಿದ್ದು ನಮಗೆ ಬಿಡಿ” ಎಂದರು. ಘಾಟಿಯ ಪ್ರಶ್ನೆಯನ್ನು ನಾನು ಕೇಳಲೇ ಇಲ್ಲ. ಸುಳ್ಳೇಕೆ ಹೇಳಲಿ? ಆ ಮಾತು ನನಗೆ ಹಿತವಾಗಿಯೇ ಇತ್ತು. ಹಣ ಕಡಿಮೆ, ಕಾಲೇಜಿನ ಹಾಜರಿಯೂ ತಪ್ಪುವುದಿಲ್ಲ. ಓಡಿಸುವುದನ್ನು ಆಮೇಲೆ ನಮ್ಮ ಲಾರಿಯಲ್ಲೇ ಕಲಿತರಾಯಿತು ಎಂದುಕೊಂಡೆ.

ರಾತ್ರಿ ಊಟದ ಹೊತ್ತಿಗೆ ಇದನ್ನು ಹೇಳಿದಾಗ ಅಮ್ಮನಿಗೆ ಸಂತೋಷವಾಯಿತು. ಅಪ್ಪ ಮಾತಾಡಲಿಲ್ಲ. ಕೈ ತೊಳೆದು ಬಂದು ಜಗುಲಿಯಲ್ಲಿ ಕುಳಿತು ನನ್ನನ್ನು ಕರೆದರು. ಪ್ರತಿ ಯುಗಾದಿಗೂ ಅವರು ಒಬ್ಬನಿಗೆ ಹಣ ಕಳಿಸುವುದು ನನಗೆ ಗೊತ್ತಿತ್ತು. ಹಳೆಯ ಸಾಲವಿರಬೇಕೆಂದು ತಿಳಿದಿದ್ದೆ. ಅದು ಸಾಲವಲ್ಲ. ನಾನು ಹುಟ್ಟುವ ಮೊದಲು, ಯಾವುದೋ ಮಂಡಿಯ ಅಂಗಳದಲ್ಲಿ ನಸುಕಿನಲ್ಲಿ ಲಾರಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರಂತೆ. ‘ಬರ್ಲಿ, ಬರ್ಲಿ’ ಎಂದು ಕೂಗುತ್ತಿದ್ದ ಕ್ಲೀನರು ಹುಡುಗ ಒಂದು ಗಳಿಗೆ ಸುಮ್ಮನಾದ. ಬಿದ್ದ ಚೀಲವೊಂದನ್ನು ಎಳೆಯಲು ಬಗ್ಗಿದ್ದನಂತೆ. ಅವನ ಬಲಗಾಲಿನ ಪಾದ ಹೋಯಿತು. “ಕನ್ನಡೀಲಿ ಕಾಣ್ಲಿಲ್ಲ. ಕಾಣ್ಲಿಲ್ಲ ಅಂದ್ಮೇಲೆ ಯಾರೂ ಇಲ್ಲ ಅಂದ್ಕೊಂಡೆ” ಎಂದು ಅಪ್ಪ ಹೇಳಿ, ಬಹಳ ಹೊತ್ತು ಬೀದಿಯ ಕಡೆ ನೋಡುತ್ತ ಕುಳಿತರು. ಆಮೇಲೆ, “ಆ ಮಹಡಿ ಮೇಲಿನ ಸ್ಕೂಲು ಬೇಡ” ಎಂದರು.

ಎರಡನೆಯ ಶಾಲೆಯಲ್ಲಿ ಲಾರಿ ಇತ್ತು. ಬೆಳಗಿನ ಜಾವ ಹನ್ನೆರಡು ಜನ ಹಿಂದೆ ಹತ್ತಿಕೊಂಡು ಹೊರಡುತ್ತಿದ್ದರು. ಒಬ್ಬೊಬ್ಬರಾಗಿ ಮುಂದೆ ಬಂದು ಐದು ನಿಮಿಷ ಸ್ಟೇರಿಂಗು ಹಿಡಿದು ಇಳಿಯುತ್ತಿದ್ದರು. ಲೆಕ್ಕದಲ್ಲಿ ನಾನು ಅಷ್ಟಕ್ಕಷ್ಟೆ. ಆದರೂ ದಿನಕ್ಕೆ 5 ನಿಮಿಷದಂತೆ 30 ದಿನಕ್ಕೆ ಎರಡೂವರೆ ಗಂಟೆ ಎಂಬುದು ತಿಳಿಯಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಭಾರಿ ವಾಹನಕ್ಕೆ 30 ದಿನಗಳ ತರಬೇತಿಯನ್ನೂ, ಅದರಲ್ಲಿ ಕಡಿಮೆಯೆಂದರೆ 15 ಗಂಟೆಗಳ ಚಾಲನೆಯನ್ನೂ ಹೇಳುತ್ತವೆ. ಘಾಟಿಯ ಮಾತೆತ್ತಿದ್ದಕ್ಕೆ, “ಗುಡ್ಡಕ್ಕೆ ನಾವ್ಯಾಕೆ ಹೋಗ್ತೀವಿ? ಟೆಸ್ಟು ಮೈದಾನದಲ್ಲಿ ತಾನೆ?” ಎಂದರು. ಮಾತೇನೋ ನ್ಯಾಯವಾಗಿಯೇ ಇತ್ತು.

2021ರಲ್ಲಿ ಬಂದ ಹೊಸ ನಿಯಮದ ಮಾನ್ಯತೆ ಪಡೆದ ಕೇಂದ್ರಗಳೂ ಇವೆ. ಅಲ್ಲಿ ಭಾರಿ ವಾಹನಕ್ಕೆ 6 ವಾರಗಳಲ್ಲಿ 38 ಗಂಟೆಗಳ ಪಾಠ. ಅಲ್ಲಿ ತೇರ್ಗಡೆಯಾದವರಿಗೆ ಆರ್.ಟಿ.ಓ. ಕಚೇರಿಯ ಚಾಲನಾ ಪರೀಕ್ಷೆಯಿಂದಲೂ ವಿನಾಯಿತಿ. ಆರು ವಾರ ಊರು ಬಿಟ್ಟು ಕೋಣೆ ಹಿಡಿದು ಇರುವ ಯೋಗ್ಯತೆ ನನ್ನ ಜೇಬಿಗಿರಲಿಲ್ಲ.

ಮೂರನೆಯದಕ್ಕೆ ಅಪ್ಪನೂ ಬಂದರು. ಊರ ಹೊರಗೆ ಹುಣಿಸೆಯ ಮರ, ಮರದ ಕೆಳಗೆ ಬಣ್ಣ ಹೋದ ಲಾರಿ, ಅದರ ನೆರಳಿನಲ್ಲಿ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದ ಗುರುಗಳು. ಅಪ್ಪ ಅವರಿಗೆ ನಮಸ್ಕಾರ ಹೇಳುವುದಕ್ಕೆ ಮೊದಲೇ ಲಾರಿಯನ್ನು ವಿಚಾರಿಸಿಕೊಂಡರು. ಕಣ್ಣು ಮಂಜಾದ್ದರಿಂದ ಎಲ್ಲವೂ ಕೈಯಲ್ಲೇ. ಟೈರಿನ ಗೀರುಗಳಲ್ಲಿ ಬೆರಳಾಡಿಸಿದರು. ಹತ್ತಿ ಕುಳಿತು ಬ್ರೇಕು ಮೆಟ್ಟಿ, ಗಾಳಿ ಸೋರುವ ಸದ್ದಿದೆಯೇ ಎಂದು ಕಿವಿಗೊಟ್ಟರು. ಎಡಗಡೆಯಲ್ಲಿ ಕಲಿಸುವವರಿಗೆ ಬೇರೆ ಪೆಡಲುಗಳಿವೆಯೇ ಎಂದು ತಡವಿ ನೋಡಿದರು, ಇದ್ದವು. ಇಳಿದು ಬಂದು ಘಾಟಿಯ ಪ್ರಶ್ನೆಯನ್ನು ತಾವೇ ಕೇಳಿದರು.

ಗುರುಗಳು ಉತ್ತರ ಹೇಳಲಿಲ್ಲ. “ನಿಮ್ದು ಯಾವ ಘಾಟಿ?” ಎಂದರು.

“ಶಿರಾಡಿ.”

“ಮಳೇಲಾ?”

“ಮಳೇಲೂ.”

ಅಷ್ಟೇ. ಇಬ್ಬರೂ ಮರದ ಬುಡದಲ್ಲಿ ಕುಳಿತುಬಿಟ್ಟರು. ಇನ್ನೊಂದು ಗಂಟೆ ನನ್ನನ್ನು ಕೇಳುವವರಿಲ್ಲ. ಕೊನೆಗೆ ತಿಳಿದದ್ದಿಷ್ಟು: ಮೂರನೆಯ ವಾರದಿಂದ ಮರಳಿನ ಚೀಲ ತುಂಬಿ ಓಡಿಸಬೇಕು, ದಿಬ್ಬ ಹತ್ತಿ ಇಳಿಯಬೇಕು, ಬೆಳಿಗ್ಗೆ ಆರಕ್ಕೆ ತಪ್ಪದೆ ಬರಬೇಕು, ಹಣ ಮಹಡಿಯ ಶಾಲೆಗಿಂತ ಐದು ಸಾವಿರ ಹೆಚ್ಚು. ಆ ಐದು ಸಾವಿರಕ್ಕೆ ನನ್ನ ಸೈಕಲ್ಲೂ ಅಮ್ಮನ ಚೀಟಿಯ ಹಣವೂ ಹೋದವು.

ಮೊದಲ ದಿನ ಗುರುಗಳು ಇಂಜಿನ್ನು ಶುರು ಮಾಡಲು ಬಿಡಲಿಲ್ಲ. ನನ್ನನ್ನು ಡ್ರೈವರಿನ ಸೀಟಿನಲ್ಲಿ ಕೂರಿಸಿ ಕಣ್ಣು ಮುಚ್ಚಲು ಹೇಳಿದರು. ಉಳಿದವರು ಲಾರಿಯ ಸುತ್ತ ಅಲ್ಲಲ್ಲಿ ಕುಕ್ಕರುಗಾಲಿನಲ್ಲಿ ಕುಳಿತರು. ಕಣ್ಣು ಬಿಟ್ಟು, ಎರಡು ಕನ್ನಡಿಯಲ್ಲೂ ಮುಂದಿನ ಗಾಜಿನಲ್ಲೂ ಕತ್ತು ಚಾಚಿ ಚಾಚಿ ಎಣಿಸಿದೆ. “ಏಳು ಜನ” ಎಂದೆ.

“ಇಳಿದು ನೋಡು” ಎಂದರು.

ಹನ್ನೊಂದು ಜನರಿದ್ದರು. ಒಬ್ಬನು ಮುಂದಿನ ಬಂಪರಿಗೆ ತಾಗಿಕೊಂಡೇ ಕುಳಿತಿದ್ದ. ಇಬ್ಬರು ಎಡಬಾಗಿಲ ಕೆಳಗಿದ್ದರು. ಲಾರಿಯ ಹಿಂದೆ, ನಟ್ಟನಡುವೆ, ನನ್ನನ್ನು ಬಿಡಲು ಬಂದಿದ್ದ ಅಪ್ಪ ಪಂಚೆಯ ಧೂಳು ಕೊಡವುತ್ತ ಮೇಲೇಳುತ್ತಿದ್ದರು.

“ನಾನು ಕಂಡ್ನೇನೋ?” ಎಂದರು.

“ಇಲ್ಲಪ್ಪ” ಎಂದೆ.

ಗುರುಗಳು ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಚಾಲನೆಯ ಅವಧಿ ಸೊನ್ನೆಯೆಂದು ಬರೆದು, ಮುಂದಿನವನನ್ನು ಹತ್ತಲು ಹೇಳಿದರು. ನಾನು ಹೋಗಿ ಎಡಬಾಗಿಲ ಕೆಳಗೆ ಕುಳಿತೆ.