ಯೋಗವೂ ಕ್ಷೇಮವೂ

ದೊರೆಯದುದನ್ನು ಪಡೆಯುವುದು ಯೋಗ, ದೊರೆತುದನ್ನು ಕಾಪಾಡುವುದು ಕ್ಷೇಮ ಎಂದು ಶಾಸ್ತ್ರಜ್ಞರು ವಿವರಿಸುವರು. ಇವೆರಡರಲ್ಲಿ ಎರಡನೆಯದೇ ಕಷ್ಟತರವೆಂಬುದಕ್ಕೆ ಇಂಗ್ಲೆಂಡಿನ ಮಾರ್ಗನ್ ಎಂಬ ಮೋಟಾರುಗಾಡಿಯು ತಕ್ಕ ನಿದರ್ಶನವಾಗಿದೆ.

ಮಾಲ್ವರ್ನ್ ಎಂಬ ಊರಿನಲ್ಲಿ ಹೆಚ್. ಎಫ್. ಎಸ್. ಮಾರ್ಗನ್ನರು 1909ರಲ್ಲಿ ಮೂರು ಚಕ್ರದ ಗಾಡಿಯೊಂದನ್ನು ನಿರ್ಮಿಸಿದರು. 1936ರಲ್ಲಿ ನಾಲ್ಕು ಚಕ್ರದ್ದು ಹೊರಬಂದಿತು. ಆ ಕಾಲದ ನೀಳವಾದ ಮೂತಿಯನ್ನೂ ಅಲೆಯಂತೆ ಇಳಿಯುವ ಮಡ್‌ಗಾರ್ಡುಗಳನ್ನೂ ಕಾರ್ಖಾನೆಯವರು ಇಂದಿಗೂ ಬಹುಮಟ್ಟಿಗೆ ಬಿಟ್ಟಿಲ್ಲ. ತಗಡಿನ ಒಳಗಿರುವುದು ಆಷ್ ಮರದ ಚೌಕಟ್ಟು. ಹಳೆಯ ಗಾಡಿಗಳಲ್ಲಿ ದಾರಿಯ ಪ್ರತಿಯೊಂದು ಹಳ್ಳವೂ ಬೆನ್ನೆಲುಬಿಗೆ ತಿಳಿಯುವುದು. ಮಳೆ ಬಂದರೆ ಇಳಿದು, ಬಟ್ಟೆಯ ಮಾಡನ್ನು ಕೈಯಿಂದಲೇ ಹೊದಿಸಬೇಕು. ಉತ್ಪಾದನೆಯನ್ನು ಹೆಚ್ಚಿಸಿರೆಂದು 1990ರಲ್ಲಿ ಉದ್ಯಮತಜ್ಞ ಸರ್ ಜಾನ್ ಹಾರ್ವೆ-ಜೋನ್ಸ್‌ರವರು ಟೆಲಿವಿಷನ್ ಕಾರ್ಯಕ್ರಮವೊಂದರಲ್ಲಿ ಬುದ್ಧಿ ಹೇಳಿದರು. ಕೊಳ್ಳುವವರು ಆಗ ವರ್ಷಗಟ್ಟಲೆ ಕಾಯುತ್ತಿದ್ದರೂ ಮಾರ್ಗನ್ ಮನೆತನದವರು ಆ ಮಾತನ್ನು ಒಪ್ಪಲಿಲ್ಲ.

ಆ ದೇಶದಲ್ಲಿ ನೆಲೆಸಿರುವ ನನ್ನ ಶಿಷ್ಯನೊಬ್ಬನು ಇಂತಹ ಗಾಡಿಯೊಂದನ್ನು ಇಪ್ಪತ್ತು ವರ್ಷಗಳಿಂದ ಸಾಕಿಕೊಂಡಿದ್ದಾನೆ. ಈಗ ಮೊಣಕಾಲು ನೋವು. ತಗ್ಗಾದ ಆಸನದಿಂದ ಏಳುವುದೇ ಪ್ರಯಾಸ. “ಮೇಷ್ಟ್ರೇ, ಮಾರಿಬಿಡಲೇ? ಓಡಿಸಿದ ಹೊತ್ತಿಗಿಂತ ಮುಂಗಾಲಿಯ ಕೀಲುಗಳಿಗೆ ಗ್ರೀಸು ಹಚ್ಚಿದ ಹೊತ್ತೇ ಹೆಚ್ಚು. ಆದರೂ ಮನಸ್ಸು ಬಾರದು” ಎಂದು ಬರೆದನು.

ನಾನು ಯೋಚಿಸಿ ನೋಡಿದೆನು. ಗಾಡಿಯು ನಿರುಪಯುಕ್ತವೆಂಬುದು ಕೊಂಡ ದಿನವೇ ತಿಳಿದಿದ್ದ ಸಂಗತಿ. ಅದು ಮಾರುವುದಕ್ಕೆ ಕಾರಣವಾಗದು. ಪಡೆಯುವುದರಲ್ಲಿಯೇ ಸುಖ ಕಂಡವನು ಎರಡನೆಯ ಚಳಿಗಾಲಕ್ಕೆ ಬೇಸತ್ತು ಮಾರುವನು. ಶುಶ್ರೂಷೆಯಲ್ಲಿ ಸುಖ ಕಂಡವನು ಇಟ್ಟುಕೊಳ್ಳುವನು. ಶಿಷ್ಯನು ಈ ಎರಡನೆಯ ವರ್ಗದವನು. ಆದುದರಿಂದಲೇ ಅವನ ಸಂಕಟ. ಆದರೆ ಮುಸುಕು ಹಾಕಿ ಮೂಲೆಯಲ್ಲಿ ನಿಲ್ಲಿಸಿದರೆ ತೇವಕ್ಕೆ ಮರ ಕೊಳೆಯುವುದು, ಕೀಲು ಹಿಡಿಯುವುದು. ಅದು ಒಡೆತನವೇ ಹೊರತು ಕ್ಷೇಮವಲ್ಲ. “ಗಟ್ಟಿ ಮೊಣಕಾಲೂ ತಾಳ್ಮೆಯೂ ಉಳ್ಳ ಒಬ್ಬನನ್ನು ಹುಡುಕಪ್ಪ, ಬೆಲೆಯ ಮಾತು ಆಮೇಲೆ. ಮೊದಲ ಕೆಲವು ಭಾನುವಾರ ನೀನೇ ಜೊತೆಗಿದ್ದು ಕೆಲಸ ಕಲಿಸು” ಎಂದು ಉತ್ತರ ಬರೆದೆನು.

ಅದನ್ನು ಅಂಚೆಗೆ ಹಾಕಿದ ಮೇಲೆ ನನ್ನ ಪೆಟ್ಟಿಗೆಯ ಕಡೆ ದೃಷ್ಟಿ ಹೋಯಿತು. ಅದರಲ್ಲಿ ತಂದೆಯವರ ಕಾಲದ ತಾಳೆಯೋಲೆಯ ಕಟ್ಟುಗಳಿವೆ. ವರ್ಷಕ್ಕೊಮ್ಮೆ ಬಿಚ್ಚಿ, ಧೂಳೊರಸಿ, ಎಣ್ಣೆ ಸವರಿ ಇಡುತ್ತೇನೆ. ಮಕ್ಕಳಾರೂ ಆ ಲಿಪಿಯನ್ನು ಓದಲಾರರು. ನನ್ನ ಕಣ್ಣಿಗೂ ಈಚೆಗೆ ಅಕ್ಷರಗಳು ಮಸುಕಾಗುತ್ತಿವೆ. ನಂದಿನಾಗರಿ ಬಲ್ಲ ತರುಣನೊಬ್ಬನು ದೊರೆತರೆ ಹೇಳಿಕಳುಹಿಸಬೇಕೆಂದು ಸ್ನೇಹಿತರನ್ನು ಕೇಳಿಕೊಂಡಿದ್ದೇನೆ.